ಜಪಾನಿ ರೆಕಾರ್ಡಿನ ಗೀರು

ಸಂಪಿಗೆ ರಸ್ತೆಯ ಅಂಗಡಿಯೊಂದರಲ್ಲಿ ನಾನು ಎಲ್‌ಪಿ ರೆಕಾರ್ಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದೆ. ಗಿರಾಕಿಯೊಬ್ಬರು ಜಪಾನಿನ ಪ್ರೋಗ್ರೆಸಿವ್ ರಾಕ್ ಆಲ್ಬಮ್ ಕೊಟ್ಟುಹೋಗಿದ್ದರು. ಒಂದಿಡೀ ಬದಿಗೆ ಒಂದೇ ಹಾಡು, ನಡುನಡುವೆ ತಾಳ ಬದಲಾಗುತ್ತಿತ್ತು. ಅದು ಎತ್ತ ಹೋಗುತ್ತಿದೆ ಅಂತ ನನಗಂತೂ ತಿಳಿಯಲಿಲ್ಲ.

ತಮ್ಮ ಸಂಗೀತ ಕಚೇರಿಯ ಕ್ಯಾಸೆಟ್ ಒಯ್ಯಲು ಬಂದ ಮೃದಂಗದ ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಓಡುತ್ತಿದ್ದ ಆ ಹಾಡಿಗೆ ತೊಡೆ ತಟ್ಟಿ ತಾಳ ಹಾಕತೊಡಗಿದರು. ಇದ್ದಕ್ಕಿದ್ದಂತೆ ಕೈ ನಿಂತಿತು.

"ಎಲಾ ಇವನ! ಈ ಡ್ರಮ್ಮಿನವ್ನು ಎಲ್ಲಿ ಜಾರ್ಕೊಂಡ? ಇನ್ನೊಂದ್ಸಲ ಹಾಕಿ."

ಮತ್ತೆ ಹಾಕಿದೆ, ಮತ್ತೆ ಹಾಕಿದೆ. ಕೊನೆಗೆ ಅವರ ತಾಳ ಕೂಡಿತು, ಮುಖ ಅರಳಿತು. ಅಷ್ಟರಲ್ಲಿ ನನಗೆ ರೆಕಾರ್ಡಿನ ಗೀರು ಕಂಡಿತು. ಪ್ಲೇಯರಿನ ಮುಳ್ಳು ಅಲ್ಲಿಗೆ ಬಂದಾಗ ಹಾರುತ್ತಿತ್ತು. ಭಾರಕ್ಕೆಂದು ಅದರ ತಲೆಯ ಮೇಲೆ ನಾಲ್ಕಾಣೆ ನಾಣ್ಯ ಇಟ್ಟೆ, ಸಲೀಸಾಗಿ ಓಡಿತು.

"ಥೂ, ಕೆಡಿಸ್ಬಿಟ್ರಲ್ಲ! ನನಗೊಂದು ಮೊದಲಿನ ಥರಾನೇ ತುಂಬಿಸ್ಕೊಡಿ."

"ಸಾರ್, ಅದು ಗೀರು."

"ಇರ್ಲಿ ಬಿಡಿ, ಈಗ ತಾನೇ ಲೆಕ್ಕ ಸಿಕ್ಕಿದೆ."

ನಾಲ್ಕಾಣೆ ಇಟ್ಟು ಗಿರಾಕಿಗೊಂದು, ತೆಗೆದು ಮೇಷ್ಟ್ರಿಗೊಂದು ತುಂಬಿಸಿದೆ. ಹೆಸರು ಬರೆಯುವ ಹೊತ್ತಿಗೆ ಯಾವುದು ಯಾರದ್ದೆಂದು ಮರೆತಿತ್ತು. ಎರಡನ್ನೂ ಕೇಳಿದೆ, ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ಕೊಟ್ಟೆ.

ವಾರ ಬಿಟ್ಟು ಇಬ್ಬರೂ ಬಂದು, ಬಹಳ ಚೆನ್ನಾಗಿ ಬಂದಿದೆ ಅಂದರು. ಯಾರ ಕ್ಯಾಸೆಟ್ಟಿನಲ್ಲಿ ಗೀರಿದೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.