ಸುಮಿ ಮರೆತ ಒಂದು ಹಿಡಿ ಅಕ್ಕಿ

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ತಂಗಿಯ ಅತ್ತೆ ದೇವೀರಮ್ಮನವರಿಗೆ ಮುಖ ತೊಳೆಯಲು ಬಿಸಿನೀರು ಕೊಟ್ಟು, ಕಣ್ಣಿಗೆ ಔಷಧಿ ಬಿಟ್ಟು, ಕಾಫಿ ಕುಡಿಸಿದೆ. ಅವರ ಎರಡು ಸೀರೆ, ನನ್ನದೊಂದು ಒಗೆದು ಮಹಡಿಯ ಮೇಲೆ ಹರವಿದೆ. ತುಳಸಿಗೆ ನೀರು ಹಾಕಿದೆ. ಹುರುಳಿಕಾಳಿನಲ್ಲಿ ಕಲ್ಲು ಆರಿಸಿ ಬೇಯಲು ಇಟ್ಟೆ. ಸಾರಿಗೆ ಖಾರ ರುಬ್ಬಿದೆ. ಮುದ್ದೆಗೆ ಎಸರಿಟ್ಟು, ರಾಗಿಹಿಟ್ಟಿನ ಡಬ್ಬ ಕೆಳಗಿಳಿಸಿದೆ. ಇಲ್ಲಿಯವರೆಗೆ ನನಗೆ ಚೆನ್ನಾಗಿ ನೆನಪಿದೆ. ಇದರ ಮುಂದಿನದನ್ನು ನೆನಪು ಅನ್ನಬೇಕೋ ಬೇರೇನಾದರೂ ಅನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರಿಗಾದರೂ ಮೈಮೇಲೆ ಬಂತು ಅಂದರೆ, ಹೋಗಿ ಮುಖಕ್ಕೆ ನೀರು ಚಿಮುಕಿಸಿ, ಬೆಳಿಗ್ಗೆಯಿಂದ ಹೊಟ್ಟೆಗೆ ಏನು ಹಾಕಿದ್ದೀಯಮ್ಮ ಎಂದು ಕೇಳುತ್ತಿದ್ದವಳು. ಹತ್ತರಲ್ಲಿ ಒಂಬತ್ತು ಜನಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ದೇವರು ಇಳಿದುಹೋಗುತ್ತಿತ್ತು. ಆದ್ದರಿಂದ ನೀವು ಇದನ್ನು ಓದಿ ನಕ್ಕರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನ ತಂಗಿ ಸುಮಿತ್ರಳನ್ನು ಕೊಟ್ಟಿರುವುದು ತಿ. ನರಸೀಪುರಕ್ಕೆ. ಅವಳ ಗಂಡ ಮಹದೇವು ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದಾನೆ. ಆ ವರ್ಷ ಅವನ ಅಂಗಡಿಯಲ್ಲಿ ಒಂದು ಕಂಪನಿಯ ಗೊಬ್ಬರ ಬಹಳ ಮಾರಾಟವಾಯಿತೆಂದು ಕಂಪನಿಯವರು ಗಂಡ ಹೆಂಡತಿ ಇಬ್ಬರನ್ನೂ ಯುರೋಪ್ ಪ್ರವಾಸಕ್ಕೆ ಕಳಿಸಿದರು. ಪ್ಯಾರಿಸ್, ವೆನಿಸ್, ರೋಮ್ ತೋರಿಸಿ, ಆಮೇಲೆ ಹಡಗು ಹತ್ತಿಸಿ ಮೆಡಿಟರೇನಿಯನ್ ಸಮುದ್ರದಲ್ಲಿ ಸುತ್ತಿಸಿಕೊಂಡು ಬರುವುದು.

ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಅನ್ನುವುದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಅವಳ ಮನೆ, ಒಡವೆ, ಫ್ರಿಜ್ಜು ಯಾವುದಕ್ಕೂ ನಾನು ಕರುಬಿದವಳಲ್ಲ. ಇದು ಬೇರೆ. ಶಾಲೆಯಲ್ಲಿ ಭೂಪಟ ಬಿಡಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಬೂಟಿನ ಹಾಗಿರುವ ಇಟಲಿ, ಅದರ ಪಕ್ಕದಲ್ಲಿ ಪುಡಿಪುಡಿಯಾಗಿ ಚೆಲ್ಲಿರುವ ದ್ವೀಪಗಳು, ಸುತ್ತ ನೀಲಿ ಬಳಪ. ಆ ನೀಲಿ ಬಳಿಯುವಾಗ ನನಗೆ ಸಿಗುತ್ತಿದ್ದ ಸುಖ ಯಾರಿಗೆ ಹೇಳಲಿ? ಸುಮಿಗೆ ಕಾವೇರಿ ಯಾವ ಕಡೆ ಹರಿಯುತ್ತದೆ ಎನ್ನುವುದೂ ಗೊತ್ತಿರಲಿಲ್ಲ. ನಾನು ನಲವತ್ತೈದು ದಾಟಿದ್ದರೂ ಸಮುದ್ರವನ್ನು ಒಂದು ಸಲವೂ ಕಂಡಿರಲಿಲ್ಲ. ನಮ್ಮ ಯಜಮಾನರು ಗಿರಣಿಯಲ್ಲಿ ಫಿಟ್ಟರ್. ಮಂಗಳೂರಿಗೆ ಹೋಗೋಣ ಅಂತ ಎರಡು ಸಲ ಹೊರಟರೂ ಎರಡು ಸಲವೂ ಅವರಿಗೆ ರಜೆ ಸಿಕ್ಕಿರಲಿಲ್ಲ.

ಅಪ್ಪ ಅವ್ವ ತೀರಿಹೋದ ಮೇಲೆ ನನ್ನ ಮನೆಯೇ ಸುಮಿಗೆ ತವರು. ಹೊರಡುವ ಹಿಂದಿನ ದಿನ ಕಾರು ಮಾಡಿಕೊಂಡು ನಂಜನಗೂಡಿಗೆ ಬಂದಳು. ದೇವರಿಗೆ ಹಣ್ಣುಕಾಯಿ ಮಾಡಿಸಿ, ನನ್ನಿಂದ ಮಡಿಲಕ್ಕಿ ಕಟ್ಟಿಸಿಕೊಂಡಳು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಎಲ್ಲ ಸೆರಗಿಗೆ ಹಾಕಿದೆ. ನಮ್ಮಲ್ಲಿ ಮಡಿಲು ತುಂಬಿಸಿಕೊಂಡವಳು ಹೊಸಿಲು ದಾಟುವ ಮುಂಚೆ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ಅಕ್ಕಿ ಡಬ್ಬಕ್ಕೆ ವಾಪಸ್ ಹಾಕಬೇಕು. ತವರು ಬರಿದಾಗಬಾರದು ಅಂತ. ಆದರೆ ಕಾರು ದೇವಸ್ಥಾನದ ಬೀದಿಗೆ ಅಡ್ಡವಾಗಿ ನಿಂತಿತ್ತು, ಹಿಂದೆ ಎತ್ತಿನ ಗಾಡಿ, ಡ್ರೈವರು ಒಂದೇ ಸಮನೆ ಹಾರನ್ ಒತ್ತುತ್ತಿದ್ದ. ಸುಮಿ ಮಡಿಲು ಹಿಡಿದುಕೊಂಡು ಹಾಗೇ ಓಡಿದಳು. ಹಿಡಿ ಅಕ್ಕಿ ಹಾಕಲಿಲ್ಲ.

ಅದೇ ಕಾರಿನಲ್ಲಿ ನಾನೂ ನರಸೀಪುರಕ್ಕೆ ಹೋದೆ. ಮಹದೇವುವಿನ ತಾಯಿ ದೇವೀರಮ್ಮನವರಿಗೆ ಪೊರೆ ತೆಗೆಸಿ ಸ್ವಲ್ಪ ದಿನವಾಗಿತ್ತು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವರನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಂದರೆ ಅವಳು ಹಡಗಿಗೆ, ನಾನು ಅವಳ ಅಡಿಗೆಮನೆಗೆ. ಮಡಿಲಕ್ಕಿಯ ಗಂಟನ್ನು ಅವಳೇ ದೇವರ ಗೂಡಿನಲ್ಲಿಟ್ಟು, ಬಂದು ಪಾಯಸ ಮಾಡ್ತೀನಿ ಎಂದು ಹೇಳಿ ಹೋದಳು.

ರೋಮಿನಿಂದ ಸುಮಿಯ ಫೋನ್ ಬಂತು. ನಾನು ಓಡಿಹೋಗಿ ಕಿವಿಗಿಟ್ಟುಕೊಂಡೆ.

"ನಡೆದೂ ನಡೆದೂ ಕಾಲು ಬಾತೋಗವೆ ಕಣಕ್ಕ. ಎಲ್ಲಿ ನೋಡುದ್ರೂ ಮುರಿದ ಕಂಬ. ನಮ್ಮ ಸೋಮನಾಥಪುರದಲ್ಲಿರೋ ಅಷ್ಟು ಕೆತ್ತನೆನೂ ಇಲ್ಲ. ತಿನ್ನಕ್ಕೆ ಬರೀ ಬನ್ನು, ಹಸೀ ಸೊಪ್ಪು. ನಾಳೆಯಿಂದ ಹಡಗಂತೆ. ಒಂದು ಮುದ್ದೆ, ಹುರುಳಿ ಸಾರು ಸಿಕ್ಕುದ್ರೆ ಈ ಹಡಗು ಯಾರಿಗೆ ಬೇಕು ಯೋಳು."

ಯಾರಿಗೆ ಬೇಕು ಎಂದು ನಾನು ಹೇಳಲಿಲ್ಲ. ಫೋನ್ ಇಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿನ ಪಕ್ಕ ಮಹದೇವು ಅಂಟಿಸಿದ್ದ ಪ್ರವಾಸದ ಪಾಂಪ್ಲೆಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಅದರಲ್ಲಿದ್ದದ್ದು ಒಂದು ಬಿಳಿ ಹಡಗು, ಒಂದು ಕಬ್ಬಿಣದ ಗೋಪುರ, ಅಷ್ಟೇ. ಕಾಲು ನೋಯುತ್ತದಂತೆ. ಆ ಕಾಲನ್ನು ನನಗೆ ಕೊಟ್ಟಿದ್ದರೆ ನಾನು ನೋಯುತ್ತದೆ ಅನ್ನುತ್ತಿದ್ದೆನೆ?

ಮೊದಲು ಹೇಳಿದ ಕೆಲಸಗಳೆಲ್ಲ ಅದಾಗಿ ಎರಡು ದಿನದ ಮೇಲಿನವು. ಎಸರು ಕುದಿಯಲಿ ಎಂದು ಸ್ಟೂಲಿನ ಮೇಲೆ ಕುಳಿತೆ. ನಡುಹಗಲು, ವಿಪರೀತ ಸೆಕೆ. ಕಾಲಡಿಯ ನೆಲ ಒಂದು ಸಲ ಮೆಲ್ಲಗೆ ಎತ್ತಿ ಇಳಿಸಿದಂತಾಯಿತು. ಸಂಗಮದಲ್ಲಿ ಹರಿಗೋಲಿಗೆ ಕಾಲಿಟ್ಟಾಗ ಆಗುತ್ತದಲ್ಲ, ಹಾಗೆ.

ಆಮೇಲೆ ನಾನು ಮೆಟ್ಟಿಲು ಹತ್ತುತ್ತಿದ್ದೆ. ಅಂಚಿಗೆ ಸುಣ್ಣ ಬಳಿದ ಕಲ್ಲಿನ ಮೆಟ್ಟಿಲು, ಎರಡು ಕಡೆಯೂ ಬಿಳೀ ಗೋಡೆ. ಬಿಸಿಲಿತ್ತು, ಆದರೆ ಬೆವರಿರಲಿಲ್ಲ, ಗಾಳಿ ಬೀಸುತ್ತಿತ್ತು. ಗಾಳಿಯಲ್ಲಿ ಉಪ್ಪಿನ ವಾಸನೆ. ನನ್ನ ಕಾಲಲ್ಲಿ ಬಟ್ಟೆಯ ಬೂಟು ಇತ್ತು, ಹೆಗಲ ಮೇಲೆ ಚೂಡಿದಾರದ ವೇಲು. ಎರಡನ್ನೂ ನಾನು ಹುಟ್ಟಿದಾರಭ್ಯ ಹಾಕಿದವಳಲ್ಲ. ಹಾಗಿದ್ದೂ ಅದು ಏಕೆ ಎಂದು ಆಗ ಅನ್ನಿಸಲಿಲ್ಲ. ಒಂದು ತಿರುವಿನಲ್ಲಿ ತಂತಿಯ ಮೇಲೆ ಒದ್ದೆ ಬಟ್ಟೆ ಒಣಹಾಕಿದ್ದರು. ಹತ್ತಿರ ಹೋದರೆ ಬಟ್ಟೆಯಲ್ಲ, ಯಾವುದೋ ನೀರಿನ ಪ್ರಾಣಿ. ಉದ್ದುದ್ದ ಕಾಲು ಜೋತುಬಿದ್ದಿದ್ದವು, ಕಾಲಿನ ತುಂಬ ಸಣ್ಣ ಸಣ್ಣ ಬಟ್ಟಲು. ಅದರ ಕೆಳಗೆ ಕಪ್ಪು ಬಟ್ಟೆ ತೊಟ್ಟ ಒಬ್ಬ ಮುದುಕಿ ಕುಳಿತಿದ್ದಳು. ಮಡಿಲಿನಿಂದ ಒಂದು ಕಿತ್ತಳೆ ತೆಗೆದು ಕೊಟ್ಟಳು. ಇನ್ನೊಂದು ಕೊಡಲು ಬಂದಾಗ "ಸಾಕು ಕಣವ್ವ" ಎಂದೆ. ಹಣ್ಣು ತಿಂದು ಬೀಜವನ್ನು ವೇಲಿನ ತುದಿಗೆ ಗಂಟು ಹಾಕಿಕೊಂಡೆ. ಯಾವ ಹಣ್ಣಿನ ಬೀಜವನ್ನೂ ಬಿಸಾಡುವವಳಲ್ಲ ನಾನು. ನಂಜನಗೂಡಿನ ಮನೆಯ ಹಿತ್ತಲು ಪೂರ್ತಿ ಹೀಗೆ ಹುಟ್ಟಿದ್ದೇ. ಹಿಂದಿನಿಂದ ಮಹದೇವು "ಮೆಲ್ಲುಗೆ ಅತ್ತು" ಅನ್ನುತ್ತಿದ್ದ. ನಾನು ಮೆಲ್ಲಗೆ ಹತ್ತಲಿಲ್ಲ. ತುದಿಯವರೆಗೂ ಹೋಗಿ, ಅಲ್ಲಿ ನಿಂತು, ತಿರುಗಿ ನೋಡಿದೆ.

"ಎಡಗೈಲಿ ಬಡುಸ್ಬ್ಯಾಡ ಅಂತ ಎಷ್ಟು ಸಲ ಯೋಳ್ಬೇಕು ಸುಮಿ ನಿಂಗೆ?"

ದೇವೀರಮ್ಮನವರ ಗೊಣಗು. ನೋಡುತ್ತೇನೆ, ಅವರು ತಟ್ಟೆಯ ಮುಂದೆ ಕುಳಿತು ಅರ್ಧ ಮುದ್ದೆ ನುಂಗಿಯಾಗಿದೆ. ಸಾರಿಗೆ ಒಗ್ಗರಣೆ ಬಿದ್ದಿದೆ. ಸೌಟು ನನ್ನ ಎಡಗೈಯಲ್ಲಿದೆ. ಎಡ ಅಂಗೈಗೆಲ್ಲ ರಾಗಿ ಅಂಟಿ ಒಣಗಿದೆ, ಬಲಗೈ ಸ್ವಚ್ಛ. ನಮ್ಮ ಮನೆಯಲ್ಲಿ ಎಡಚಿ ಸುಮಿಯೊಬ್ಬಳೇ. ಮದುವೆಯಾದಾಗಿನಿಂದ ಅತ್ತೆ ಅವಳಿಗೆ ಬಯ್ಯುತ್ತಿದ್ದದ್ದೂ ಇದಕ್ಕೇ. "ಅತ್ತೆಮ್ಮ, ನಾನು ಸುಮಿಯಲ್ಲ, ಅವಳ ಅಕ್ಕ" ಎಂದೆ. "ಅಕ್ಕ ಇಂಗೆ ಮುದ್ದೆ ಕಟ್ಟಲ್ಲ ಬುಡು. ನಿನ್ನ ಕೈ ನಂಗೊತ್ತಿಲ್ವಾ" ಎಂದು ಊಟ ಮುಂದುವರಿಸಿದರು.

ಸಂಜೆ ಯಜಮಾನರಿಗೆ ಫೋನ್ ಮಾಡಿ ಮೆಟ್ಟಿಲು, ತಂತಿ, ಮುದುಕಿ, ಕಿತ್ತಳೆ ಎಲ್ಲ ಹೇಳಿದೆ. ಅವರು, "ಬಿಸ್ಲಿಗೆ ತಲೆ ಸುತ್ತದೆ. ಆ ಪಾಂಪ್ಲೆಟ್ಟು ನೋಡಿ ನೋಡಿ ಕಣ್ಣಲ್ಲಿ ಕೂತ್ಬುಟ್ಟದೆ. ಮಜ್ಜಿಗೆ ಕುಡಿ" ಎಂದರು. ನನ್ನ ಔಷಧಿಯೇ ನನಗೆ ಬಂತು. ಕುಡಿದೆ.

ಸುಮಿ ಬಂದು ಒಂದು ವಾರಕ್ಕೆ ಫೋಟೋಗಳು ತೊಳೆದು ಬಂದವು. ನೋಡಲು ಮತ್ತೆ ನರಸೀಪುರಕ್ಕೆ ಹೋದೆ. ಅವಳು ಒಂದೊಂದೇ ಕೊಡುತ್ತಿದ್ದಳು, ನಾನು ನಗುಮುಖ ಮಾಡಿಕೊಂಡು ನೋಡುತ್ತಿದ್ದೆ. ಗೋಪುರದ ಮುಂದೆ ಸುಮಿ, ದೋಣಿಯಲ್ಲಿ ಸುಮಿ, ಮುರಿದ ಕಂಬಕ್ಕೆ ಒರಗಿ ಸುಮಿ. ಆಮೇಲೆ ಬಿಳೀ ಮೆಟ್ಟಿಲ ಮೇಲೆ ಸುಮಿ.

"ಇದ್ಯಾವ ಊರೋ ಗೊತ್ತಿಲ್ಲ ಕಣಕ್ಕ" ಎಂದಳು.

"ಈ ತಿರುವು ದಾಟಿದರೆ ತಂತಿ ಮೇಲೆ ಏನೋ ಪ್ರಾಣಿ ಒಣಗಾಕಿರ್ತಾರೆ" ಎಂದೆ. ಬಾಯಿಂದ ತಾನಾಗಿ ಬಂತು. ಮಹದೇವು ಕೈಲಿದ್ದ ಕಂತೆಯಿಂದ ಮುಂದಿನ ಫೋಟೋ ತೆಗೆದ. ತಂತಿ ಇತ್ತು, ಪ್ರಾಣಿ ಇತ್ತು, ಕೆಳಗೆ ಕಪ್ಪು ಬಟ್ಟೆಯ ಮುದುಕಿ ಇದ್ದಳು.

"ಇವ್ಳು ಫೋನಲ್ಲಿ ಯೋಳಿದ್ಲಾ ಅಕ್ಕ?" ಎಂದ.

"ನಾನೇನು ಯೋಳ್ಲಿ? ನಂಗೇ ನೆಪ್ಪಿಲ್ವಲ್ಲ" ಎಂದಳು ಸುಮಿ. ಬೆಳಿಗ್ಗೆ ಹಡಗಿನಲ್ಲಿ ಕಾಫಿ ಕುಡಿದದ್ದು ಗೊತ್ತು, ಆಮೇಲೆ ಹಡಗಿನಲ್ಲೇ ಮಧ್ಯಾಹ್ನದ ಊಟಕ್ಕೆ ಕುಳಿತದ್ದು ಗೊತ್ತು. ನಡುವೆ ದ್ವೀಪಕ್ಕೆ ಇಳಿದದ್ದೇ ಅವಳಿಗೆ ನೆನಪಿರಲಿಲ್ಲ. "ಮಧ್ಯ ಒಂದು ಕನಸು ಬಿದ್ದಂಗಿತ್ತು. ಇದೇ ಅಡಿಗೆಮನೇಲಿ ಮುದ್ದೆ ತೊಳಸ್ತಿದ್ದೆ. ಅತ್ತೆ ಎಡಗೈ ಅಂತ ಬಯ್ತಿದ್ರು. ಬಯ್ದ್ರೂ ಎಷ್ಟು ಹಿತವಾಗಿತ್ತು ಗೊತ್ತಾ."

"ಅವತ್ತು ಇವ್ಳು ಸರಿ ಇರ್ನಿಲ್ಲ ಕಣಕ್ಕ" ಎಂದ ಮಹದೇವು. "ಕಾಲು ನೋವು ಅಂತ ಒಂದು ಸಲನೂ ಅನ್ನಲಿಲ್ಲ. ನಂಗೆ ಅದುಕ್ಕೇ ಭಯ ಆಯ್ತು. ಆ ಮುದುಕಿ ಅತ್ರ ಸಾಕು ಕಣವ್ವ ಅಂತ ಕನ್ನಡದಲ್ಲೇ ಮಾತಾಡುದ್ಲು."

ನಾನೇ ಎದ್ದು ಹೋಗಿ, ಇನ್ನೂ ಪೂರ್ತಿ ಬಿಚ್ಚದಿದ್ದ ಸೂಟ್‌ಕೇಸಿನಿಂದ ಆ ಫೋಟೋದಲ್ಲಿದ್ದ ವೇಲನ್ನು ಎಳೆದೆ. ತುದಿಯಲ್ಲಿ ಗಂಟಿತ್ತು. ಬಿಚ್ಚಿದರೆ ಒಣಗಿದ ಕಿತ್ತಳೆ ಬೀಜ.

ಸುಮಿ ಹೆದರುತ್ತಾಳೆ ಅಂದುಕೊಂಡೆ. ಅವಳ ಮುಖದಲ್ಲಿ ಬಂದದ್ದು ಬೇರೆ. ಒಂದು ತಿಂಗಳಿನಿಂದ ಕನ್ನಡಿಯಲ್ಲಿ ನಾನು ಕಾಣುತ್ತಿದ್ದ ಮುಖವೇ ಅದು.

"ಇಡೀ ಟೂರಲ್ಲಿ ಎಲ್ರೂ ಚೆಂದ ಚೆಂದ ಅಂತ ಯೋಳೋದು ಅದೊಂದೇ ಊರ. ಅದನ್ನೇ ನೀನು ನೋಡ್ಕ ಬಂದ್ಬುಟ್ಟೆ."

"ನಾನೇನು ನಿನ್ನ ಟಿಕೆಟ್ ಕೇಳಿದ್ನಾ?"

"ಕೇಳ್ಬೇಕಾ? ಬಾಯಲ್ಲಿ ಕೇಳ್ನಿಲ್ಲ. ಮಡ್ಲಕ್ಕಿ ಕಟ್ಟುವಾಗ ನಿನ್ನ ಮುಖ ನಾನು ನೋಡ್ನಿಲ್ವಾ?"

ಮಡಿಲಕ್ಕಿ ಎಂದು ಅವಳ ಬಾಯಲ್ಲಿ ಬಂದದ್ದೇ ತಡ, ಹಾಕದೆ ಬಿಟ್ಟ ಹಿಡಿ ಅಕ್ಕಿ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಸುಮಿ ಎದ್ದು ದೇವರ ಗೂಡಿನಿಂದ ಗಂಟು ತಂದಳು. ಪಾಯಸ ಇನ್ನೂ ಮಾಡಿರಲಿಲ್ಲ. ಒಂದು ಹಿಡಿ ಅಕ್ಕಿ ತುಂಬಿ, ಎಡಗೈಯೆಂದು ನೆನಪಾಗಿ ಬಲಗೈಗೆ ಬದಲಾಯಿಸಿಕೊಂಡು, ನನ್ನ ಸೆರಗಿಗೆ ಹಾಕಿದಳು. "ತಗೋ. ನಿಂದು ನಿಂಗೆ ಬಂತು. ಈಗ ನಂದು ನಂಗೆ ಕೊಡು. ಅಲ್ಲಿ ಏನೇನು ನೋಡ್ದೆ, ಒಂದೂ ಬುಡದಂಗೆ ಯೋಳು."

ಕೊಡಲು ನನಗೆ ಮನಸ್ಸಿರಲಿಲ್ಲ. ಪ್ಯಾರಿಸ್ ಅವಳದು, ರೋಮ್ ಅವಳದು, ಹಡಗು ಅವಳದು. ನನಗಿದ್ದದ್ದು ಅಷ್ಟು ಮೆಟ್ಟಿಲು. ಊಟವಾಗಲಿ, ಆಮೇಲೆ ಹೇಳುತ್ತೇನೆ ಎಂದೆ.

ಇದಾಗಿ ವರ್ಷಗಳೇ ಕಳೆದಿವೆ. ಆಮೇಲೆ ನಾನೂ ಯಜಮಾನರ ಜೊತೆ ಮಲ್ಪೆಗೆ ಹೋಗಿ ಸಮುದ್ರ ನೋಡಿ ಬಂದೆ. ದಡ ಕಾಣುವ ಮುಂಚೆಯೇ ಆ ವಾಸನೆ ನನಗೆ ಪರಿಚಯವಿತ್ತು. ಬೀಜಗಳಲ್ಲಿ ಒಂದು ಹಿತ್ತಲಲ್ಲಿ ಗಿಡವಾಗಿದೆ, ಇನ್ನೂ ಕಾಯಿ ಬಿಟ್ಟಿಲ್ಲ. ಪಾಂಪ್ಲೆಟ್ಟು ಅಂದ ಯಜಮಾನರು ಈಗ ಈ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಅಕ್ಕಿಯಿಂದ ಆಯಿತೋ, ನನ್ನ ಹೊಟ್ಟೆಕಿಚ್ಚಿನಿಂದ ಆಯಿತೋ, ಅವಳ ಮುದ್ದೆಯ ಆಸೆಯಿಂದ ಆಯಿತೋ ನನಗೆ ತಿಳಿಯದು. ತಿಳಿದವರಿದ್ದರೆ ಹೇಳಿ.

ಫೋಟೋ ನೋಡಿದ ದಿನ ಉಳಿದ ಮಡಿಲಕ್ಕಿಯಲ್ಲಿ ಅರ್ಧ ಅನ್ನ ಮಾಡಿದೆವು, ಅರ್ಧ ಪಾಯಸ. ಅದರ ಬೆಲ್ಲವನ್ನೇ ಹಾಕಿ, ಅದರ ಕಾಯಿಯನ್ನೇ ತುರಿದೆವು. ಮುದ್ದೆ, ಹುರುಳಿ ಸಾರು, ಹಪ್ಪಳ. ದೇವೀರಮ್ಮನವರು ಎರಡು ಸಲ ಪಾಯಸ ಹಾಕಿಸಿಕೊಂಡರು. ಮಹದೇವು ಅಂಗಡಿಗೆ ಹೋದ. ಅಕ್ಕ ತಂಗಿ ನಡುಮನೆಯಲ್ಲಿ ಚಾಪೆ ಹಾಸಿ, ಫ್ಯಾನಿನ ಕೆಳಗೆ ಮಲಗಿದೆವು. ಸುಮಿ ನನ್ನ ಕಡೆ ತಿರುಗಿ ಹೂಂಗುಟ್ಟುತ್ತಿದ್ದಳು. ನಾನು ಮೆಟ್ಟಿಲು ಹೇಳಿದೆ, ಗಾಳಿ ಹೇಳಿದೆ, ಮುದುಕಿಯ ಕೈ ಹೇಗೆ ಬಿರುಕು ಬಿಟ್ಟಿತ್ತೆಂದು ಹೇಳಿದೆ, ಕಿತ್ತಳೆ ಮೊದಲು ಹುಳಿ ಆಮೇಲೆ ಸಿಹಿ ಎಂದು ಹೇಳಿದೆ. ಮೋಸ ಮಾಡಲಿಲ್ಲ. ಕೊನೆಯದೊಂದು ಉಳಿದಿತ್ತು. ತುದಿಯಲ್ಲಿ ನಿಂತು ತಿರುಗಿದರೆ ನಾನು ಬಳಪದಲ್ಲಿ ಬಳಿಯುತ್ತಿದ್ದ ನೀಲಿ ಆಕಾಶ ಮುಟ್ಟುವವರೆಗೂ ಇತ್ತು, ಅದರ ನಡುವೆ ದ್ವೀಪಗಳು ನಾನು ಬರೆದಿಟ್ಟ ಹಾಗೇ ಚೆಲ್ಲಿದ್ದವು, ಮತ್ತು ಅಷ್ಟು ಹೊತ್ತೂ ಯಾರೂ ನನ್ನನ್ನು ಅಡಿಗೆಗೆ ಕರೆಯಲಿಲ್ಲ.

ಅದನ್ನು ಹೇಳಲು ಬಾಯಿ ತೆರೆದೆ. ಸುಮಿಯ ಹೂಂಗುಟ್ಟು ನಿಂತಿತ್ತು. ಅವಳೇ ಮೊದಲು ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ.