ಕೇಳದೆ ಬರೆದ ಹೇಳಿಕೆ

ಪೀಣ್ಯದ ಕಾರ್ಖಾನೆಯಲ್ಲಿ ಬೇಕೆಂದೇ ಮಷೀನ್ ನಿಲ್ಲಿಸಿದೆನೆಂದು ನನ್ನನ್ನು ವಿಚಾರಣೆಗೆ ಕರೆದರು. ವಿಚಾರಣೆ ನಡೆಸಬೇಕಿದ್ದ ವಕೀಲರು ನಮ್ಮ ಮ್ಯಾನೇಜರ್ ಕಾರಿನಿಂದಲೇ ಇಳಿದದ್ದನ್ನು ಗೇಟಿನಲ್ಲಿ ನೋಡಿದ್ದೆ. ನಾನು ಕೂತ ತಕ್ಷಣ ಟೈಪ್ ಮಾಡಿದ ಹಾಳೆಯೊಂದನ್ನು ಮುಂದೆ ಸರಿಸಿ, "ಇಲ್ಲೊಂದು ಸೈನ್ ಹಾಕಮ್ಮ" ಎಂದರು. ನಾನು ತಪ್ಪೊಪ್ಪಿಕೊಂಡಿದ್ದೇನೆ ಎಂದು ಅದರಲ್ಲಿತ್ತು.

"ಸಾರ್, ನೀವಿನ್ನೂ ನನ್ನ ಏನೂ ಕೇಳೇ ಇಲ್ವಲ್ಲ" ಎಂದೆ.

"ಅದೆಲ್ಲ ಫಾರ್ಮಾಲಿಟಿ ಕಣಮ್ಮ."

ಪೆನ್ನು ತೆಗೆದುಕೊಂಡು ಸಹಿಯ ಜಾಗದಲ್ಲಿ 'ನನ್ನನ್ನು ಯಾರೂ ಏನೂ ಕೇಳಿಲ್ಲ' ಎಂದು ಬರೆದೆ. ವಕೀಲರು ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಮುಖ ನೋಡಿ, ಹೊಸ ಹಾಳೆ ತೆಗೆದು, "ಸರಿ, ಏನಾಯ್ತು ಹೇಳಿ" ಎಂದರು. ಬೆಲ್ಟಿನಲ್ಲಿ ಹೊಗೆ ಕಂಡು ನಿಲ್ಲಿಸಿದೆನೆಂದು ಹೇಳಿದೆ. ಅವರು ಬರೆದ ಒಂದೊಂದು ಸಾಲನ್ನೂ ಬಗ್ಗಿ ಓದಿದ ಮೇಲೆಯೇ ಸಹಿ ಹಾಕಿದೆ.

ಕೆಲಸ ಉಳಿಯಿತು. ಆದರೆ ಆ ಹಳೆಯ ಹಾಳೆಯನ್ನು ಹರಿದದ್ದನ್ನು ಮಾತ್ರ ನಾನು ನೋಡಲಿಲ್ಲ.