ನಕಲಿನೊಳಗೆ ರಾಜಿಯ ದನಿ

ಸತ್ತವರು ಮಾತಾಡಿದರು, ಕನಸಿನಲ್ಲಿ ಬಂದು ಹೇಳಿದರು ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಾಗ ಯಾರಾದರೂ ಅಂಥ ಕಥೆ ತೆಗೆದರೆ, "ಹೋಗ್ರಿ, ಯಾರ ಮುಂದ ಹೇಳ್ತೀರಿ" ಎಂದು ಎದ್ದು ಚಹಾ ಕುಡಿಯಲು ಹೋಗಿಬಿಡುತ್ತಿದ್ದೆ. ಈಗ ಹಾಗೆ ಎದ್ದು ಹೋಗಲಾರೆ. ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ. ನಾನೇ ಎಷ್ಟು ನಂಬಿದ್ದೇನೋ ನನಗೆ ಗೊತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ತುಕ್ಕಾನಟ್ಟಿಯ ಅಪ್ಪಾಸಾಬ ಕಾಕಾ ನಮ್ಮ ತಂದೆಯ ಗೆಳೆಯರು. ಅವರ ಒಬ್ಬಳೇ ಮಗಳು ರಾಜಿ ನನ್ನ ಕ್ಲಾಸಿಗೆ ಬರುತ್ತಿದ್ದಳು. ಚುರುಕು ಹುಡುಗಿ, ಬಾಯಿ ಬಲು ಜೋರು. ಆ ವರ್ಷ ಜ್ವರ ತಲೆಗೇರಿ ಘಟಪ್ರಭಾದ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಾಯಿ ಸುಮತಿ ಕಾಕಿ ಹುಕ್ಕೇರಿಯ ತವರಿನಿಂದ ಬಂದು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕೊನೆಗಳಿಗೆಯಲ್ಲಿ ಮಗಳು ತನ್ನನ್ನು ಕರೆದಳೇ ಎಂದು ಕಾಕಿ ಕಂಡಕಂಡವರನ್ನು ಕೇಳುತ್ತಿದ್ದರು. ಕಾಕಾ ಆ ಗಳಿಗೆಯಲ್ಲಿ ಔಷಧ ತರಲು ಹೊರಗೆ ಹೋಗಿದ್ದರು. ಮಗಳ ಹತ್ತಿರ ಮನೆಯವರು ಯಾರೂ ಇರಲಿಲ್ಲ.

ರಾಜಿಯ ಕಂಪ್ಯೂಟರಿನಲ್ಲಿ ಅವಳ ದನಿ ಇದೆಯಂತೆ, ಬಂದು ಕೇಳಿಸು ಎಂದು ಕಾಕಿ ಹೇಳಿಕಳಿಸಿದರು. ಹೋಗಿ ನೋಡಿದರೆ ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿತ್ತು, ಇಂದೋ ನಾಳೆಯೋ ಎಂಬ ಸ್ಥಿತಿ. ಅವಳ ಫೋಲ್ಡರಿನಲ್ಲಿ ಇದ್ದದ್ದು ಒಂದೇ ಧ್ವನಿ ಫೈಲು. "ಅವ್ವಾ, ಕೇಳಸಾಕತ್ತೈತೇನ?" ಎಂದು ಅವಳು ನಗುವಲ್ಲಿಗೆ ಅದು ತುಂಡಾಗುತ್ತಿತ್ತು. ಕಂಪ್ಯೂಟರನ್ನು ಗೋಕಾಕಕ್ಕೆ ಒಯ್ಯುತ್ತೇನೆಂದೆ. ಕಾಕಾ ಒಪ್ಪಲಿಲ್ಲ. ವರ್ಷ ತುಂಬುವ ತನಕ ಸತ್ತವರ ಸಾಮಾನು ಅವರ ಖೋಲಿಯ ಹೊಸ್ತಿಲು ದಾಟಬಾರದೆಂಬುದು ಆ ಮನೆಯ ಪದ್ಧತಿ.

ಹಾಗಾದರೆ ಅದೇ ಡಿಸ್ಕಿನ ಒಳ್ಳೆಯ ಭಾಗದಲ್ಲಾದರೂ ನಕಲು ಮಾಡಿಡೋಣ ಎಂದೆ.

"ನಕಲಂದ್ರೂ ಅಕೀದ ಅಲ್ಲೇನಪಾ? ಅಕೀ ಫೋಲ್ಡರಿನ ಒಳಗ ಇಡು. ಪೂರಾ ಹೆಸರ ಹಾಕು" ಎಂದರು ಕಾಕಾ.

ಹಿರಿಯರ ಸಮಾಧಾನಕ್ಕೆ ಹಾಗೇ ಮಾಡಿದೆ. ನಕಲಿನ ಫೋಲ್ಡರಿಗೆ ರಾಜಿಯ ಹೆಸರು, ತಂದೆಯ ಹೆಸರು, ಮನೆತನ, ಊರು ಎಲ್ಲ ಸೇರಿ ಮೊಳದುದ್ದ ಹೆಸರು.

ವಿಂಡೋಸ್ ನಕಲು ಮಾಡುವಾಗ ಡಿಸ್ಕಿನ ಕೆಟ್ಟ ಜಾಗ ಸಿಕ್ಕರೆ ನಿಂತುಬಿಡುತ್ತದೆ. ಅದಕ್ಕೇ ಕೆಟ್ಟ ಜಾಗ ಹಾರಿ ಮುಂದೆ ಹೋಗುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದೆ. ಫೋಲ್ಡರ್ ಹೊಕ್ಕು ಫೈಲುಗಳನ್ನು ನಕಲಿಸು, ಒಳಗೆ ಇನ್ನೊಂದು ಫೋಲ್ಡರ್ ಕಂಡರೆ ಅದನ್ನೂ ಹೊಕ್ಕು ಅದನ್ನೇ ಮಾಡು. ಅಷ್ಟೇ. ಆದರೆ ನಕಲು ಇದ್ದದ್ದೇ ಆ ಫೋಲ್ಡರಿನ ಒಳಗೆ! ಪ್ರೋಗ್ರಾಂ ತಾನು ಮಾಡಿದ ನಕಲನ್ನೂ ಹೊಕ್ಕಿತು, ಅದರೊಳಗೆ ಅದರ ನಕಲು ಮಾಡಿತು, ಮತ್ತೆ ಅದನ್ನು ಹೊಕ್ಕಿತು. ಇದಕ್ಕೆ ಕೊನೆಯೆಂಬುದಿಲ್ಲ. "ಥೂ ಇದರ" ಎಂದು ನಿಲ್ಲಿಸಹೊರಟೆ.

"ಅದ ಇರಲಿ ತಮ್ಮಾ, ಮೊದಲ ದನಿ ಹಚ್ಚು" ಎಂದರು ಕಾಕಿ.

ಕೆಟ್ಟ ಡಿಸ್ಕಿನಲ್ಲಿ ಪ್ರೋಗ್ರಾಂ ಆಮೆಗತಿಯಲ್ಲಿ ಓಡುತ್ತಲೇ ಇತ್ತು. ಮೊದಲ ನಕಲಿನ ಫೈಲು ಹಚ್ಚಿದೆ. ಅದೇ ಮಾತು, ಅದೇ ನಗು. ಕಾಕಿ ಪರದೆಯ ಹತ್ತಿರ ಬಾಗಿ, "ಕೇಳಸಾಕತ್ತೈತಿ ನನ್ನವ್ವಾ. ಹೊತ್ತಿರತನ ಉಂಡಿಯೇನ?" ಎಂದರು. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ಅದು. ದಿನಾ ಸಂಜೆ ಮಗಳಿಗೆ ಕೇಳುತ್ತಿದ್ದ ಮಾತು. ಏನೂ ತೋಚದೆ, ಆಗಷ್ಟೇ ಆಗಿದ್ದ ಒಳಗಿನ ನಕಲನ್ನು ತೆರೆದು ಹಚ್ಚಿದೆ.

"ಅವ್ವಾ, ಕೇಳಸಾಕತ್ತೈತೇನ?" ನಗು. ಆಮೇಲೆ, "ಉಂಡೇನವ್ವಾ. ನೀ ಉಣ್ಣು."

ಮಟಮಟ ಮಧ್ಯಾಹ್ನ, ಕತ್ತಲಿನ ಭ್ರಮೆ ಎನ್ನುವಂತಿರಲಿಲ್ಲ. ಮೈಕು ಜೋಡಿಸಿಯೇ ಇರಲಿಲ್ಲ. ಮೊದಲ ನಕಲನ್ನು ಮತ್ತೆ ಹಚ್ಚಿದೆ, ಅಲ್ಲಿ ಆ ಮಾತಿಲ್ಲ. ಒಳಗಿನದರಲ್ಲಿ ಇದೆ. ಕಾಕಾ ಗೋಡೆ ಹಿಡಿದು ಕುಳಿತರು.

ಕಾಕಿ ಮಾತ್ರ ಗಾಬರಿಯಾಗಲಿಲ್ಲ. ಪರದೆಗೇ ಕೇಳಿದರು: "ದವಾಖಾನ್ಯಾಗ ನನ್ನ ಕರದಿಯೇನವಾ?"

ಇನ್ನೊಂದು ನಕಲು ಆಗುವ ತನಕ ಮೂವರೂ ಪರದೆ ನೋಡುತ್ತ ಕಾದೆವು. ಆಯಿತು. ತೆರೆಯಹೋದರೆ ಹೆಸರು ಅತಿ ಉದ್ದವಾಯಿತು, ತೆರೆಯಲಾಗದು ಎಂದು ಕಂಪ್ಯೂಟರ್ ಹೇಳಿತು. ಫೋಲ್ಡರಿನೊಳಗೆ ಫೋಲ್ಡರಾಗಿ ಹೆಸರಿಗೆ ಹೆಸರು ಕೂಡುತ್ತ ವಿಂಡೋಸಿನ ಮಿತಿ ದಾಟಿತ್ತು. ಪ್ರೋಗ್ರಾಂ ಹೇಗೋ ಒಳಗೆ ನುಸುಳಿತ್ತು, ನಮಗೆ ದಾರಿಯಿರಲಿಲ್ಲ. ಮೇಲಿನ ಹೆಸರುಗಳನ್ನು ಮೊಟಕು ಮಾಡತೊಡಗಿದೆ. ಒಂದನ್ನು ಮಾಡಿದ್ದೆ, ಅಷ್ಟರಲ್ಲಿ ಡಿಸ್ಕು ಕರಕರ ಎಂದು ನಿಂತೇ ಹೋಯಿತು. ಮತ್ತೆ ಏಳಲಿಲ್ಲ. ವರ್ಷ ತುಂಬಿದ ಮೇಲೆ ಬೆಳಗಾವಿಯ ರಿಪೇರಿಯವರ ಹತ್ತಿರವೂ ಒಯ್ದೆ. ಏನೂ ಉಳಿದಿಲ್ಲ ಎಂದರು.

ಮೂಲ ಫೈಲಿನಲ್ಲೇ 'ಉಂಡೇನವ್ವಾ' ಎಂಬ ಮಾತು ಇದ್ದಿರಬೇಕು, ಡಿಸ್ಕಿನ ಕೆಟ್ಟ ಜಾಗ ಅದನ್ನು ನುಂಗಿತ್ತು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಓದಲು ಬಾರದ್ದು ನಕಲಿನಲ್ಲಿ ಎಲ್ಲಿಂದ ಬರಬೇಕು? ಅದೇ ಪ್ರೋಗ್ರಾಂ ಬರೆದು ನಕಲಿನೊಳಗೆ ನಕಲು ಮಾಡಿ ಎಷ್ಟೋ ಸಲ ನೋಡಿದ್ದೇನೆ. ಎಲ್ಲವೂ ಒಂದೇ, ಒಂದಕ್ಷರದ ವ್ಯತ್ಯಾಸವಿಲ್ಲ.

ಆಮೇಲೊಮ್ಮೆ ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಕಿ ಸಿಕ್ಕರು. ಬಹಳ ಇಳಿದುಹೋಗಿದ್ದರು. ಅದೆಲ್ಲ ಯಂತ್ರದ ದೋಷ, ಮನಸ್ಸಿಗೆ ಹಚ್ಚಿಕೋಬೇಡ್ರಿ ಎಂದು ಹೇಳಲು ಬಾಯಿ ತೆರೆದೆ. ಕಾಕಿ ನನ್ನ ಕೈ ಹಿಡಿದುಕೊಂಡರು.

"ಅಷ್ಟರ ಯಾಕ ಕೇಳಿಸಿದಿ ತಮ್ಮಾ? ಸತ್ತಾಕಿ ಮಾತಾಡಂಗಿಲ್ಲ ಅಂತ ಸುಮ್ಮನಾಗಿದ್ನಿ. ಈಗ ಕೇಳಿದ್ರ ಹೇಳ್ತಾಳಂತ ಗೊತ್ತಾತು. ಎಲ್ಲಿ ಹೋಗಿ ಕೇಳಲಿ?"